ಒಡಪಿನ ಹೆಸರು

"ನಿಮ್ಮ ಯಜಮಾನರ ಸರಿಯಾದ ಹೆಸರೇನು ತಾಯಿ? ಅದೊಂದನ್ನು ಹೇಳಿಬಿಡಿ, ಸಾಹೇಬರು ಇಲ್ಲೇ ಬರೆದುಕೊಳ್ಳುತ್ತಾರೆ" ಎಂದು ಚೇತನಕುಮಾರ ಮತ್ತೆ ಕೇಳಿದ. ಆ ಕಡೆಯಿಂದ ಈ ಸಲವೂ ಬರೀ ಉಸಿರು ಬಂತು.

ಗಾಜಿನ ಗೋಡೆಯ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಸುನಂದಾಳಿಗೆ ಆ ಉಸಿರಿನ ಅರ್ಥ ಆಗಲೇ ಆಗಿತ್ತು. ಲೈನು ಕಟ್ಟಾಗಿರಲಿಲ್ಲ, ಹೆಂಗಸು ಸಿಟ್ಟಾಗಿರಲೂ ಇಲ್ಲ. ಗಂಡನ ಹೆಸರು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು, ಅಷ್ಟೇ. ಆದರೆ ನೇರ ಪ್ರಸಾರದಲ್ಲಿ ಮೌನವೆಂದರೆ ಮೌನವೇ. ಇಳಕಲ್ಲಿನಿಂದ ಹುನಗುಂದದವರೆಗೆ ರೇಡಿಯೋ ಹಚ್ಚಿದವರೆಲ್ಲ ಸೆಲ್ಲು ಮುಗಿಯಿತೇನೋ ಎಂದು ಡಬ್ಬಿ ಬಡಿದು ನೋಡುತ್ತಿರಬೇಕು.

ಕಾರ್ಯಕ್ರಮದ ಹೆಸರು "ಕಟ್ಟಿ ಮಾತು". ಪ್ರತಿ ಬುಧವಾರ ಸಂಜೆ ಇಳಕಲ್ಲಿನ ಈ ಸಣ್ಣ ಸಮುದಾಯ ಬಾನುಲಿಯಿಂದ ಬರುತ್ತದೆ. ಗಟಾರು, ನಲ್ಲಿ ನೀರು, ಬೀದಿ ದೀಪ, ಪಿಂಚಣಿ, ರೇಷನ್ ಎಂದು ಜನ ಓಣಿಯ ಕಟ್ಟೆಯ ಮೇಲೆ ಕೂತು ಯಾರನ್ನೆಲ್ಲ ಬೈಯುತ್ತಾರೋ ಅವರನ್ನೇ ಫೋನಿನಲ್ಲಿ ಬೈಯಲಿ, ಬೈಸಿಕೊಳ್ಳಬೇಕಾದ ಸಾಹೇಬರನ್ನೂ ಒಳಗೆ ಕೂರಿಸೋಣ ಎನ್ನುವುದು ಸುನಂದಾಳ ಉಪಾಯವಾಗಿತ್ತು. ಸಾಹೇಬರ ಬೆನ್ನು ಹತ್ತಿ ಕರೆತರುವವಳು ಅವಳೇ. ಫೋನು ಎತ್ತಿ ಹೆಸರು, ಓಣಿ, ತಕರಾರು ಕೇಳಿ ಒಳಗಿನ ಪರದೆಗೆ ಕಳಿಸುವವಳೂ ಅವಳೇ. ಊರಿಗೆ ಗೊತ್ತಿದ್ದದ್ದು ಮಾತ್ರ ಚೇತನಕುಮಾರನ ದನಿ. ಅವನು ಕಾಲೇಜಿನಲ್ಲಿ ಪಾಠ ಹೇಳುವವ, ಒಳ್ಳೆಯ ಮನುಷ್ಯ. ಮೈಕಿನ ಮುಂದೆ ಕೂತ ಕೂಡಲೇ ಇಳಕಲ್ಲಿನ ನಾಲಗೆಯನ್ನು ಮನೆಯಲ್ಲೇ ಬಿಟ್ಟು ಬಂದವನ ಹಾಗೆ ಆಡುತ್ತಿದ್ದ, ಅದೊಂದೇ ಅವನ ಐಬು.

ಫೋನಿನಲ್ಲಿದ್ದವಳು ಹುನಗುಂದದ ಕಡೆಯ ಹಳ್ಳಿಯ ಯಮನವ್ವ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ತಪ್ಪಾಗಿ, ಆಧಾರಿಗೆ ತಾಳೆಯಾಗದೆ ಅಕ್ಕಿ ನಿಂತಿತ್ತು. ತಪ್ಪಾದದ್ದು ಹೇಗೆಂದರೆ, ಕಂಪ್ಯೂಟರ್ ಅಂಗಡಿಯವನು ಗಂಡನ ಹೆಸರು ಕೇಳಿದ್ದಾನೆ. ಇವಳು ಗಂಡನ ಹೆಸರು ಹೇಳುವುದುಂಟೇ, "ನಮ್ಮ ಕಮತಗಿ ಮಠದ ಅಜ್ಜನ ಹೆಸರ್ರಿ" ಎಂದು ಸೂಚನೆ ಕೊಟ್ಟಿದ್ದಾಳೆ. ಅಜ್ಜ ಎಂದರೆ ಮಠದ ಸ್ವಾಮಿಗಳು, ಅವರ ಹೆಸರನ್ನು ಈ ಸೀಮೆಯಲ್ಲಿ ಹತ್ತು ಬಗೆಯಲ್ಲಿ ಇಟ್ಟುಕೊಂಡವರಿದ್ದಾರೆ. ಅಂಗಡಿಯವನು ತನಗೆ ತೋಚಿದ ಹಾಗೆ ಹುಚ್ಚಪ್ಪ ಎಂದು ಒತ್ತಿ ಕಳಿಸಿದ್ದಾನೆ. ಗಂಡ ಗ್ರಾನೈಟ್ ಕ್ವಾರಿಗೆ ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುವವ, ಅವನಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ.

ಒಳಗೆ ಕೂತ ಆಹಾರ ಇಲಾಖೆಯ ಸಾಹೇಬರೂ ಹಟಕ್ಕೆ ಬಿದ್ದಿದ್ದರು. ಊಹೆಯಿಂದ ಒಂದು ಸಲ ಕೆಟ್ಟಿದೆ, ಇನ್ನೊಂದು ಸಲ ಊಹೆ ಮಾಡಲು ನಾನು ತಯಾರಿಲ್ಲ, ಆಕೆಯೇ ಬಾಯಿಬಿಟ್ಟು ಹೇಳಲಿ ಎಂದು ಪೆನ್ನು ಹಿಡಿದು ಕೂತಿದ್ದರು. ಚೇತನಕುಮಾರ ಗಾಜಿನ ಆಚೆಯಿಂದ ಸುನಂದಾಳ ಕಡೆ ನೋಡಿ ಎರಡೂ ಕೈ ಎತ್ತಿದ.

ಸುನಂದಾ ರಿಸೀವರ್ ಎತ್ತಿಕೊಂಡಳು. ಅವಳ ಮುಂದಿನ ಪೆಟ್ಟಿಗೆಯ ಮೇಲೆ ಫೋನಿನದೊಂದು ಫೇಡರ್ ಇತ್ತು. ಮೇಲೆ ಸರಿಸಿದರೆ ಫೋನಿನ ಎರಡೂ ಕಡೆಯ ಮಾತು ಊರಿಗೆಲ್ಲ ಕೇಳುತ್ತದೆ, ಕೆಳಗೆ ಸರಿಸಿದರೆ ಅವಳೊಬ್ಬಳಿಗೆ. ಕರೆ ಮಾಡಿದವರ ಜೊತೆ ಅವಳು ಮಾತಾಡುವುದು ಅದನ್ನು ಕೆಳಗೆ ಸರಿಸಿದ ಮೇಲೆಯೇ. ಅವತ್ತು ಗಡಿಬಿಡಿಯಲ್ಲಿ ಕೈ ಅದರ ಹತ್ತಿರ ಹೋಯಿತು, ಸರಿಸಿದೆ ಅಂದುಕೊಂಡಳು.

"ಯಮನವ್ವಾರ, ಬರೇ ಹೆಸರ ಹೇಳಾಕ ಆಗೂದಿಲ್ಲಂದ್ರ ಒಡಪಿನ್ಯಾಗ ಹೇಳ್ರಿ. ಒಡಪಿನ್ಯಾಗ ಹೇಳಿದ್ರ ಏನೂ ದೋಷಿಲ್ಲ" ಅಂದಳು.

ಯಮನವ್ವನಿಗೆ ಜೀವ ಬಂದಂತಾಯಿತು. ಒಡಪೆಂದರೆ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಮದುವೆಯಾಗಿ ಹೊಸ್ತಿಲ ಮುಂದೆ ನಿಂತಾಗ ನಾದಿನಿಯರು ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಕೇಳುತ್ತಾರೆ, ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಇಟ್ಟು ಹೇಳಿದರೇ ದಾರಿ. ಆದರೆ ಒಡಪಿಗೂ ಒಂದು ನೇಮ ಇದೆ.

"ಕೇಳಿದಾಕಿ ಮೊದಲ ಹೇಳಬೇಕಲ್ರಿ ಅಕ್ಕಾರ. ನೀವ್ ಹೇಳ್ರಿ, ಆಮ್ಯಾಲ ನಾ ಹೇಳ್ತೇನಿ" ಅಂದಳು ಯಮನವ್ವ.

ತನ್ನ ಗಂಡನ ಹೆಸರನ್ನು ಸುನಂದಾ ಬಾಯಲ್ಲಿ ಆಡಿ ಎಷ್ಟು ಕಾಲವಾಗಿತ್ತೋ. ಮದುವೆಯ ದಿನ ಹೊಸ್ತಿಲಲ್ಲಿ ಆಡಿದ್ದೇ ಮೊದಲು, ಅದೇ ಕೊನೆ. ಕೇಳುವವಳು ಇವಳೊಬ್ಬಳೇ, ಕಂಡರಿಯದ ಹೆಂಗಸು, ಅಕ್ಕಿ ನಿಂತಿದೆ ಎಂದು ತನಗೆ ತಾನೇ ಹೇಳಿಕೊಂಡು ಕಣ್ಣು ಮುಚ್ಚಿದಳು. ಹೊಸದನ್ನು ಕಟ್ಟಲು ಹೊತ್ತಿರಲಿಲ್ಲ. ಹಳೆಯದೇ ಬಂತು:

"ಇಳಕಲ್ಲ ಸೀರಿಗಿ ಕೆಂಪ ಸೆರಗ ಚಂದ,
ಹೂವಿನ ದಂಡಿಗಿ ಮಲ್ಲಿಗಿ ಮೊಗ್ಗ ಚಂದ,
ಹೊತ್ತ ಮುಳಗೂದ್ರಾಗ ಮನಿಗಿ ಬರೋ
ಶಂಭುಲಿಂಗರಾಯರ ನಗಿಮುಖ ನನಗ ಚಂದ."

ಕಣ್ಣು ಬಿಟ್ಟಾಗ ಗಾಜಿನ ಆಚೆ ಸಾಹೇಬರು ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಚೇತನಕುಮಾರ ಬಾಯಿ ತೆರೆದು ನೋಡುತ್ತಿದ್ದ. ಸುನಂದಾ ಫೇಡರಿನ ಕಡೆ ನೋಡಿದಳು. ಅದು ಮೇಲೆಯೇ ಇತ್ತು. ಅಷ್ಟರಲ್ಲಿ ಯಮನವ್ವ ಗಂಟಲು ಸರಿಮಾಡಿಕೊಂಡು ಶುರುಮಾಡಿಬಿಟ್ಟಿದ್ದಳು:

"ಹಾಲಿನ ಜ್ವಾಳಕ ಕಾವಲ ಬೇಕ,
ಬಿಸಿ ರೊಟ್ಟಿಗಿ ಬೆಣ್ಣಿ ಬೇಕ,
ನಮ್ಮ ಹುಚ್ಚೇಶರಾಯರ ಸಿಟ್ಟಿಗಿ
ನನ್ನ ನಗಿ ಬೇಕ."

ಸಾಹೇಬರು ಹುಚ್ಚೇಶ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡರು. ಮೊದಲ ಒಡಪು ನಮ್ಮ ಸುನಂದಕ್ಕನದು ಎಂದು ಚೇತನಕುಮಾರ ಮೈಕಿನಲ್ಲಿ ಹೇಳಿಬಿಟ್ಟ. ಅದಾದ ಮೇಲೆ ಫೋನು ಬಿಡುವು ಕೊಡಲಿಲ್ಲ. ರೇಷನ್ ಯಾರಿಗೂ ಬೇಡವಾಗಿತ್ತು, ಎಲ್ಲರಿಗೂ ಒಡಪು ಹೇಳುವ ಹುರುಪು. ಅಜ್ಜಿಯೊಬ್ಬಳು ತೀರಿಹೋದ ಗಂಡನ ಹೆಸರು ಹೇಳಿ ನಕ್ಕು, ನಕ್ಕವಳು ಅತ್ತು, ಫೋನಿಟ್ಟಳು. ಸುನಂದಾ ಒಬ್ಬೊಬ್ಬರ ಹೆಸರು, ಓಣಿ ಕೇಳಿ ಒಳಗೆ ಕಳಿಸುತ್ತ ಹೋದಳು.

ಮರುದಿನಕ್ಕೆ ಯಾರೋ ಅದನ್ನು ಕತ್ತರಿಸಿ "ರೇಡಿಯೋ ಸುನಂದಕ್ಕನ ಒಡಪು" ಎಂದು ವಾಟ್ಸಾಪಿಗೆ ಬಿಟ್ಟಿದ್ದರು. ಊರು ಎಂಬುದು ಇಂಥದಕ್ಕೇ ಕಾದಿರುತ್ತದೆ. ಕಾಯಿಪಲ್ಲೆ ಮಾರುವವಳು ಕೊತ್ತಂಬರಿ ಪುಕ್ಕಟೆ ಕೊಟ್ಟು, ಶಂಭುಲಿಂಗರಾಯರಿಗೆ ಚಟ್ನಿ ಮಾಡಿಕೊಡಿ ಅಂದಳು. ಮನೆಯ ಮಾಲಕಿ ಬಿಬಿಜಾನ, ಕೆಳಗಿನ ಮಗ್ಗದ ಶೆಡ್ಡಿನ ಸದ್ದಿಗೆ ಒಗ್ಗಿಹೋಗಿ ಯಾವ ಮಾತನ್ನೂ ಕೂಗಿಯೇ ಆಡುವವಳು, ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು. ಇಷ್ಟು ವರ್ಷ ಬಾಡಿಗೆಗಿದ್ದರೂ ಯಜಮಾನರ ಹೆಸರು ಇವತ್ತು ಗೊತ್ತಾಯಿತು ನೋಡು, ಒಮ್ಮೆ ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಊಟ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಸುನಂದಾ ನಕ್ಕು ತಲೆಯಾಡಿಸಿ, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳ ಗಂಡ ಅವಳನ್ನು ಬಿಟ್ಟು ಎಂಟೊಂಬತ್ತು ವರ್ಷವಾಗಿತ್ತು. ಜಗಳವಿಲ್ಲ, ಕೋರ್ಟಿಲ್ಲ. ಬಾಗಲಕೋಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಹಾಕಿದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ತವರಿಗೆ ಹೋಗಿ ಅತ್ತಿಗೆಯ ಕೈಕೆಳಗೆ ಬೀಳಲು ಮನಸ್ಸಿಲ್ಲದೆ ಇಳಕಲ್ಲಿಗೆ ಬಂದು ಕೆಲಸ ಹಿಡಿದಳು. ಇಲ್ಲಿ ಯಾರಾದರೂ ಕೇಳಿದರೆ, "ಅವರು ಬಾಗಲಕೋಟ್ಯಾಗ ಅದಾರ್ರಿ" ಎನ್ನುತ್ತಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಮ್ಮ ಕಡೆ ಹೆಂಗಸೊಬ್ಬಳು ‘ಅವರು’ ಎಂಬ ಒಂದು ಶಬ್ದದಲ್ಲಿ ಇಡೀ ಆಯುಷ್ಯ ಕಳೆಯಬಹುದು, ಅವರು ಎಂದರೆ ಯಾರು, ಹೇಗಿದ್ದಾರೆ, ಬರುತ್ತಾರೋ ಇಲ್ಲವೋ ಎಂದು ಯಾರೂ ಕೆದಕುವುದಿಲ್ಲ. ಹೆಸರು ಹೇಳಬಾರದೆಂಬ ಪದ್ಧತಿ ಬೇರೆ ಹೆಂಗಸರಿಗೆ ನಾಚಿಕೆಯಾಗಿತ್ತು. ಸುನಂದಾಳಿಗೆ ಅದು ತಲೆಯ ಮೇಲಿನ ಸೂರಾಗಿತ್ತು.

ತಿಂಗಳಿಗೊಂದು ಶನಿವಾರ ಅವಳು ಬಸ್ಸು ಹತ್ತುತ್ತಿದ್ದಳು. ಓಣಿಯವರು ಗಂಡನ ಹತ್ತಿರ ಹೊರಟಳು ಎಂದುಕೊಳ್ಳುತ್ತಿದ್ದರು. ಅವಳು ಬಾದಾಮಿಗೆ ಹೋಗಿ ಹೊಂಡದ ಮೆಟ್ಟಿಲ ಮೇಲೆ ಕೂತು, ಹೆಂಗಸರು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ಬಡಿದು ಮರಳಿ ಬರುವುದನ್ನು ಕೇಳುತ್ತಿದ್ದಳು. ಅಷ್ಟು ಜನರ ನಡುವೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ಭಾನುವಾರ ಒಂದಿಷ್ಟು ಪೇರಲಹಣ್ಣು ಹಿಡಿದುಕೊಂಡು ಬಂದು, ಅವರು ಕೊಟ್ಟು ಕಳಿಸಿದರು ಎಂದು ಬಿಬಿಜಾನಳಿಗೆ ಕೊಡುತ್ತಿದ್ದಳು. ಸುಳ್ಳು ಎಂದರೆ ಅದೊಂದೇ.

ಈಗ ಆ ‘ಅವರು’ಗೆ ಹೆಸರು ಬಂದಿತ್ತು, ನಗುಮುಖ ಬಂದಿತ್ತು, ಸಂಜೆ ಮನೆಗೆ ಬರುವ ಹೊತ್ತೂ ಬಂದಿತ್ತು. ಹೊರಗೆ ಜನ ಅವನ ಮಾತಾಡಿದಷ್ಟೂ ಅವಳ ಕೋಣೆ ಖಾಲಿಯಾಗುತ್ತ ಹೋಯಿತು. ಮೊದಲು ಅವಳು ಒಬ್ಬಳೇ ಊಟ ಮಾಡುತ್ತಿದ್ದಳು, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ವಾರ ಒಂದು ರೊಟ್ಟಿ ಬಡಿದು ತಟ್ಟೆಗೆ ಹಾಕಿಕೊಂಡಾಗ ತಾನು ಒಬ್ಬಳೇ ಎಂಬುದು ಎದುರಿಗೆ ಬಂದು ಕೂತಂತಾಗಿ ಊಟ ಸೇರಲಿಲ್ಲ.

ಬುಧವಾರ ಬಂತು. ವಿಷಯ ಗಟಾರಿನದು ಎಂದು ಅವಳು ಗಟ್ಟಿಯಾಗಿ ಹೇಳಿಟ್ಟಿದ್ದಳು. ಚೇತನಕುಮಾರನಿಗೆ ಬೇರೆಯೇ ಉಮೇದು. ಹೆಂಡತಿಯರು ಹೆಸರು ಹೇಳಿದ್ದಾಯಿತು, ಇನ್ನು ಗಂಡಂದಿರನ್ನು ಕರೆಸೋಣ, ಮೊದಲು ನಿಮ್ಮ ಶಂಭುಲಿಂಗ ಅವರೇ ಬರಲಿ ಎಂದು ಸ್ಟುಡಿಯೋಕ್ಕೆ ಕಾಲಿಟ್ಟಾಗಿನಿಂದ ಬೆನ್ನು ಬಿದ್ದಿದ್ದ. ಅವರಿಗೆ ಕೆಲಸ ಭಾಳ, ಬರೂದು ಕಷ್ಟ ಎಂದು ಸುನಂದಾ ತೇಲಿಸಿದಳು. ಬರುವ ತಿಂಗಳಾದರೂ ಸರಿ, ನಾನೇ ಫೋನ್ ಮಾಡಿ ಕೇಳುತ್ತೇನೆ, ನಂಬರ್ ಕೊಡಿ ಎಂದ ಅವನು. ಅವನಲ್ಲಿ ಕುಹಕ ಇರಲಿಲ್ಲ, ಅದಕ್ಕೇ ಹೆಚ್ಚು ಕಷ್ಟವಾಯಿತು. ಕಾರ್ಯಕ್ರಮ ಮುಗಿದ ಮೇಲೆ ಕೊಡುತ್ತೇನೆ ಎಂದುಬಿಟ್ಟಳು. ಕೊಡಲು ಅವಳ ಬಳಿ ಇದ್ದ ನಂಬರು ಎಂದೋ ಬದಲಾಗಿತ್ತು.

ನಗರಸಭೆಯ ಇಂಜಿನಿಯರು ಗಟಾರಿನ ಬಗ್ಗೆ ವಿವರಿಸುತ್ತಿದ್ದಾಗ ಆ ಫೋನು ಬಂತು.

"ಅಕ್ಕಾ" ಎಂದಿತು ಎಳೆಯ ದನಿ. ಫೋನ್ ಮಾಡುವವರೆಲ್ಲ ಅವಳನ್ನು ಅಕ್ಕ ಎನ್ನುವವರೇ. ಸುನಂದಾ ಎಂದಿನಂತೆ ಹೆಸರು ಕೇಳಿದಳು. ಭುವನೇಶ್ವರಿ ಎಂದಿತು ದನಿ. ಓಣಿ ಕೇಳಿದಳು. ಬಾಗಲಕೋಟೆ, ನವನಗರ ಎಂದು ಬಂತು. ಅಲ್ಲಿಯವರೆಗೆ ನಮ್ಮ ರೇಡಿಯೋ ಮುಟ್ಟುವುದಿಲ್ಲವಲ್ಲ ಎಂದರೆ, ಮೊಬೈಲಿನಲ್ಲಿ ಒಡಪು ಬಂದಿತ್ತು, ಅದರಿಂದ ತಿಳಿಯಿತು ಎಂದಳು. ತಕರಾರು ಏನು ಎಂದು ಕೇಳಿದಾಗ, ಇದು ರೇಡಿಯೋದಲ್ಲಿ ಎಲ್ಲರಿಗೂ ಕೇಳುತ್ತದೇನು ಎಂದು ಅವಳೇ ತಿರುಗಿ ಕೇಳಿದಳು.

ಸುನಂದಾ ಫೇಡರನ್ನು ನೋಡಿದಳು. ಕೆಳಗಿತ್ತು. ಬೆರಳಿಂದ ಒತ್ತಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು.

"ಅಕ್ಕಾ, ಅವರು ಅಲ್ಲಿ ಬಂದಾರೇನ್ರಿ?"

"ಯಾರವ್ವ?"

"ಅವರ್ರಿ" ಎಂದಳು ಆ ಹುಡುಗಿ. ಹೆಸರು ಹೇಳಲಿಲ್ಲ.

ಆಗ ಸುನಂದಾಳಿಗೆ ಆ ‘ಅಕ್ಕ’ ಬೇರೆಯವರು ಕರೆಯುವಂಥ ಅಕ್ಕ ಅಲ್ಲವೆಂದು ತಿಳಿಯಿತು. ಒಬ್ಬನ ಮನೆಗೆ ಎರಡನೆಯವಳಾಗಿ ಬಂದವಳು ಮೊದಲಿನವಳನ್ನು ಕರೆಯುವ ಅಕ್ಕ ಅದು. ಅವಳು ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಕುರ್ಚಿಯನ್ನು ಗಾಜಿಗೆ ಬೆನ್ನು ಬರುವ ಹಾಗೆ ತಿರುಗಿಸಿಕೊಂಡಳು. ಈ ಹೆಂಗಸಿಗೆ ಆಡಬೇಕೆಂದು ಎಷ್ಟೋ ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಒಂದೂ ನೆನಪಾಗಲಿಲ್ಲ.

ಭುವನೇಶ್ವರಿ ತಾನಾಗಿ ಹೇಳುತ್ತ ಹೋದಳು. ಹುಬ್ಬಳ್ಳಿಗೆ ಮೋಟಾರು ತರಲು ಹೋದವರು ತಿರುಗಿ ಬಂದಿಲ್ಲ. ಫೋನು ಹತ್ತುವುದಿಲ್ಲ, ಅಂಗಡಿಗೆ ಬೀಗ ಬಿದ್ದಿದೆ. ಬೇಸಿಗೆಯಲ್ಲಿ ಹೋದವರು, ಈಗ ಹಿಂಗಾರಿ ಜೋಳ ಬಿತ್ತುವ ಹೊತ್ತಾಯಿತು. ಎಲ್ಲೆಲ್ಲಿ ಕೇಳಬೇಕೋ ಎಲ್ಲ ಕಡೆ ಕೇಳಿದ್ದಾಳೆ.

"ನಾ ಜಗಳಕ್ಕ ಫೋನ್ ಮಾಡಿಲ್ರಿ ಅಕ್ಕಾ. ಹೊತ್ತ ಮುಳಗೂದ್ರಾಗ ಮನಿಗಿ ಬರ್ತಾರಂತ ನೀವು ಒಡಪಿನ್ಯಾಗ ಹೇಳಿದ್ದ ಕೇಳಿ ನನ್ನ ಜೀವ ತಣ್ಣಗಾತು. ಎಲ್ಲೋ ಒಂದ ಕಡೆ ಅದಾರಲ್ಲ, ಚಲೋ ಅದಾರಲ್ಲ. ಅಷ್ಟ ಖರೆ ಅಂತ ಹೇಳ್ರಿ, ಮತ್ತ ಫೋನ್ ಮಾಡೂದಿಲ್ಲ."

ಹೌದು ಎಂದರೆ ಮುಗಿಯುತ್ತಿತ್ತು. ಹೌದವ್ವ, ಇಲ್ಲೇ ಅದಾರ, ಚಲೋ ಅದಾರ. ಬಿಬಿಜಾನಳಿಗೆ, ಕಾಯಿಪಲ್ಲೆಯವಳಿಗೆ, ಗಾಜಿನ ಆಚೆಯ ಚೇತನಕುಮಾರನಿಗೆ ಎಂಥದನ್ನು ಹೇಳುತ್ತ ಬಂದಿದ್ದಳೋ ಅಂಥದೇ ಒಂದನ್ನು ಇವಳಿಗೂ ಹೇಳಿದರೆ ಆಯಿತು. ಇವಳೂ ಸಮಾಧಾನವಾಗಿ ಮಲಗುತ್ತಾಳೆ. ಗಂಡನನ್ನು ಕಸಿದುಕೊಂಡವಳ ಎದುರು ಗೆದ್ದ ಹಾಗೂ ಆಗುತ್ತದೆ. ಸುನಂದಾಳ ಬಾಯಿಗೆ ಆ ‘ಹೌದು’ ಬಂದಿತ್ತು ಎಂಬುದನ್ನು ಮುಚ್ಚಿಡುವುದೇಕೆ, ಬಂದೇ ಇತ್ತು.

ಇಷ್ಟು ದಿನ ಅವಳಿಗೆ ಒಂದು ಆಧಾರವಿತ್ತು, ಅದು ಈಗಷ್ಟೇ ಕುಸಿದಿತ್ತು. ಅವರು ಬಾಗಲಕೋಟೆಯಲ್ಲಿ ಇದ್ದಾರೆ ಎಂಬುದು. ತನ್ನ ಹತ್ತಿರ ಇಲ್ಲದಿದ್ದರೂ ಒಂದು ಊರಲ್ಲಿ, ಒಂದು ಮನೆಯಲ್ಲಿ ಇದ್ದಾನೆ, ಸಂಜೆ ಅಲ್ಲಿಗೆ ಹೋಗಿ ಚಪ್ಪಲಿ ಬಿಡುತ್ತಾನೆ. ಅಷ್ಟು ಗೊತ್ತಿದ್ದರಿಂದ ಅವಳ ‘ಅವರು’ಗೆ ಒಂದು ವಿಳಾಸವಿತ್ತು. ಈಗ ಅದೂ ಇಲ್ಲ. ಆ ಹುಡುಗಿಗೆ ಹೌದೆಂದು ಹೇಳಿದರೆ ಅವಳೂ ಇನ್ನು ಮುಂದೆ, ಅವರು ಇಳಕಲ್ಲಿನಾಗ ಅದಾರ್ರಿ ಎಂದು ಓಣಿಯವರಿಗೆ ಹೇಳಿಕೊಂಡು ಬದುಕುತ್ತಾಳೆ. ಆ ಬದುಕು ಎಂಥದೆಂದು ಸುನಂದಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಲ್ಲವ್ವ" ಅಂದಳು. "ಒಡಪಂದ್ರ ಒಡಪ. ಮದಿವ್ಯಾಗ ಕಲಿಸಿದ್ದು. ಅವರು ಇಲ್ಲಿ ಬಂದಿಲ್ಲ. ನನ್ನ ಮನಿಗಿ ಅವರು ಬರದ ಒಂಬತ್ತ ವರ್ಷಾತು."

ಬಾಯಿಬಿಟ್ಟು ಇದನ್ನು ಅವಳು ಹೇಳಿದ್ದು ಇದೇ ಮೊದಲು. ಹೇಳಿದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಹಿಂದೆ ಗಾಜಿನ ಆಚೆ ಇಂಜಿನಿಯರು ಪೈಪಿನ ಅಗಲವನ್ನು ಕೈಯಲ್ಲಿ ತೋರಿಸುತ್ತಲೇ ಇದ್ದರು.

ಭುವನೇಶ್ವರಿ ಏನೋ ಹೇಳಲು ಹೊರಟಳು, ಅಷ್ಟರಲ್ಲಿ ಅವಳ ಮನೆಯ ಬಾಗಿಲು ಬಡಿದ ಸದ್ದು ಸುನಂದಾಳಿಗೂ ಕೇಳಿಸಿತು. ಬಾಗಿಲು ಮತ್ತೆ ಬಡಿಯಿತು. "ಬಂದ್ರೇನೋ" ಎಂದು ಉಸಿರಿನಲ್ಲೇ ಅಂದು ಭುವನೇಶ್ವರಿ ಫೋನನ್ನು ಎಲ್ಲೋ ಇಟ್ಟು ಓಡಿದಳು.

ಸುನಂದಾ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಇಷ್ಟು ವರ್ಷ ಊರಿನವರ ಕೆಮ್ಮು, ಉಸಿರು, ತಡವರಿಕೆಗಳನ್ನು ಕೇಳಿ ಕೇಳಿ ಹದವಾದ ಕಿವಿ ಅದು. ಓಡುವ ಹೆಜ್ಜೆ ಕೇಳಿತು. ಟಿವಿಯ ಸದ್ದು, ಅದರಾಚೆ ಚಿಲಕ ತೆಗೆದದ್ದು. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಅವನು ಕೆಮ್ಮುತ್ತಿದ್ದ, ಆ ಕೆಮ್ಮಿಗಾಗಿ ಕಾದಳು. ಅಲ್ಲಿಯಾದರೂ ಬಂದಿರಲಿ ದೇವರೇ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೇ ತಡವಾಗಿ ತಿಳಿದು ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಯಾರೋ ಫೋನು ಎತ್ತಿಕೊಂಡರು. "ಯಾರ್ರಿ?" ಎಂದಿತು ಸಣ್ಣ ದನಿ.

ಎಂದಿನ ರೂಢಿಯಿಂದ ಸುನಂದಾಳ ಬಾಯಿಗೆ ಅದೇ ಪ್ರಶ್ನೆ ಬಂತು. "ನಿನ್ನ ಹೆಸರೇನವ್ವ?"

"ಶ್ರುತಿ ಶಂಭುಲಿಂಗ ಕುಳಗೇರಿ, ಒಂದನೇ ಕ್ಲಾಸ್" ಎಂದು ಕೂಸು ಸಾಲೆಯಲ್ಲಿ ಕಲಿಸಿದ ಹಾಗೆ ಒಂದೇ ಉಸಿರಿಗೆ ಒಪ್ಪಿಸಿತು. ನಡುವಿನ ಆ ಹೆಸರಿನಲ್ಲಿ ಎಲ್ಲೂ ತಡೆಯಲಿಲ್ಲ. ಗಂಡನ ಮನೆಯಿಂದ ಬಂದ ಆ ಅಡ್ಡಹೆಸರೇ ಸುನಂದಾಳದೂ.

ದೂರದಲ್ಲಿ ಬಾಗಿಲ ಕಡೆಯಿಂದ ಹಾಲು ಹಾಕುವ ಹೆಂಗಸಿನ ದನಿ ಕೇಳಿತು, ನಿನ್ನೆಯ ಹಾಲು ಒಡೆದಿತ್ತೇನು ಎಂದು ವಿಚಾರಿಸುತ್ತಿದ್ದಳು. ಸುನಂದಾ ಕಿವಿಯ ಮೇಲಿನ ಕೈಯನ್ನು ಇಳಿಸಿದಳು.

"ನಿಮ್ಮ ಹೆಸರ್ರಿ?" ಎಂದಿತು ಕೂಸು.

"ಸುನಂದಾ."

"ಹಂಗಲ್ರಿ. ಪೂರ್ತಿ ಹೆಸರ ಹೇಳಬೇಕ್ರಿ."

"ಅಷ್ಟ ಅವ್ವ" ಅಂದಳು ಸುನಂದಾ. "ಸುನಂದಾ, ಅಷ್ಟ."

ಕೂಸಿಗೆ ಅದು ಸರಿಬರಲಿಲ್ಲವೇನೋ, ಫೋನನ್ನು ಹಾಗೆಯೇ ಕೆಳಗಿಟ್ಟು ಹೋಯಿತು. ಚೇತನಕುಮಾರ ಗಾಜಿಗೆ ಬೆರಳಿನಿಂದ ತಟ್ಟಿ ಮುಂದಿನ ಕರೆ ಕೇಳುತ್ತಿದ್ದ. ಸುನಂದಾ ತಿರುಗಲಿಲ್ಲ. ಆ ಮನೆಯಲ್ಲಿ ಯಾರೋ ಪಾತ್ರೆ ತಂದರು, ಹಾಲು ಸುರಿಯುವ ಸದ್ದು ಕೇಳಿತು, ಅದು ನಿಲ್ಲುವವರೆಗೂ ಅವಳು ಕೇಳುತ್ತ ಕೂತಳು.